ಐದು ಸೆಂಟಿನ ಶರಬತ್ತು

ಸೋಮವಾರಪೇಟೆಯಿಂದ ಓದುಗರೊಬ್ಬರು ಬರೆದಿದ್ದಾರೆ: "ಅಮೆರಿಕದಲ್ಲಿರುವ ಮಗಳು ರಜೆಗೆ ಬಂದಾಗ ಕೂಲ್-ಏಡ್ ಅನ್ನೋ ಜ್ಯೂಸ್ ಪುಡಿ ತಂದಿದ್ದಳು. ಈಗ ಮೊಮ್ಮಕ್ಕಳಿಗೆ ದಿನಾ ಅದೇ ಬೇಕು. ನೋಡಿದರೆ ನಮ್ಮ ರಸ್ನಾ ಥರಾನೇ ಇದೆ. ಇದು ಹುಟ್ಟಿದ್ದು ಹೇಗೆ? ಇದರಲ್ಲಿ ಹಣ್ಣು ಇದೆಯಾ?"

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಇದು ಹೇಳಲೇಬೇಕಾದ ಕಥೆ.

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಹೇಸ್ಟಿಂಗ್ಸ್ ಎಂಬ ಊರಿನಲ್ಲಿ ಎಡ್ವಿನ್ ಪರ್ಕಿನ್ಸ್ ಅಂತ ಒಬ್ಬರಿದ್ದರು. ಅಂಚೆಯಲ್ಲಿ ಸಾಮಾನು ಕಳಿಸುವ ವ್ಯಾಪಾರ ಅವರದು. ಅದರಲ್ಲಿ 'ಫ್ರೂಟ್ ಸ್ಮ್ಯಾಕ್' ಎಂಬ ಶರಬತ್ತಿನ ದ್ರಾವಣವೂ ಇತ್ತು. ಜನಕ್ಕೆ ಇಷ್ಟವಾಗಿತ್ತು. ಆದರೆ ಗಾಜಿನ ಬಾಟಲಿ ಭಾರ, ಸಾಗಿಸುವ ಖರ್ಚು ಜಾಸ್ತಿ. ದಾರಿಯಲ್ಲೇ ಒಡೆಯುತ್ತಿತ್ತು, ಸೋರುತ್ತಿತ್ತು. 1927ರಲ್ಲಿ ಅವರು ನೀರಿನಂಶ ತೆಗೆದು ಅದನ್ನು ಪುಡಿ ಮಾಡಿದರು, ಕಾಗದದ ಪೊಟ್ಟಣಕ್ಕೆ ತುಂಬಿದರು. ಅದೇ ಕೂಲ್-ಏಡ್. ಸಕ್ಕರೆ, ನೀರು ಮನೆಯವರೇ ಹಾಕಿಕೊಳ್ಳಬೇಕು. ಪೊಟ್ಟಣಕ್ಕೆ 10 ಸೆಂಟ್.

ಸ್ವಲ್ಪ ವರ್ಷಕ್ಕೇ ಅಲ್ಲಿ ಮಹಾ ಆರ್ಥಿಕ ಕುಸಿತ ಬಂತು. ಕೆಲಸ ಹೋದ ಮನೆಗಳಲ್ಲಿ ಮಕ್ಕಳಿಗೆ ಶರಬತ್ತು ಎಲ್ಲಿಂದ ತರುವುದು? ಆಗ ಪರ್ಕಿನ್ಸ್ ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ಬರೀ 5 ಸೆಂಟ್! ಈ ಕಥೆಯಲ್ಲಿ ನನಗೆ ತುಂಬಾ ಮೆಚ್ಚುಗೆಯಾದದ್ದು ಇದೇ. ವ್ಯಾಪಾರವೇನೂ ಬೀಳಲಿಲ್ಲ, ಬೆಳೆಯಿತು. 1953ರಲ್ಲಿ ಕಂಪನಿಯನ್ನು ಜನರಲ್ ಫುಡ್ಸ್‌ಗೆ ಮಾರಿದರು.

ರಸ್ನಾ ಬೇರೆ ಕಂಪನಿ. ಅಹಮದಾಬಾದಿನ ಅರೀಜ್ ಖಂಬಾಟಾ ಕಟ್ಟಿದ್ದು. ಆದರೆ ಅದನ್ನೂ ಗೆಲ್ಲಿಸಿದ್ದು ಬೆಲೆಯೇ. ಆಗ 5 ರೂಪಾಯಿ ಪೊಟ್ಟಣಕ್ಕೆ 32 ಲೋಟ ಆಗುತ್ತಿತ್ತು! ಸಕ್ಕರೆ ಪಾಕ ಕಾಯಿಸಿ, ಪುಡಿಯನ್ನೂ ಪುಟ್ಟ ಬಾಟಲಿಯ ಎಸೆನ್ಸನ್ನೂ ಬೆರೆಸಿ, ಆರಿದ ಮೇಲೆ ಖಾಲಿ ಬಾಟಲಿಗಳಿಗೆ ತುಂಬಿಡುತ್ತಿದ್ದದ್ದು ನೆನಪಿದೆ ಅಲ್ವಾ? ತೋಟದ ಕಾರ್ಮಿಕರ ಲೈನ್ ಮನೆಗೂ ಒಕ್ಕಲು ಮನೆಗೂ ಒಂದೇ ರುಚಿ, ಒಂದೇ ಬಣ್ಣ.

ಇನ್ನು ಹಣ್ಣಿನ ಮಾತು. ಕೂಲ್-ಏಡ್ ಪುಡಿಯಲ್ಲಿ ಹಣ್ಣಿಲ್ಲ. ಹುಳಿಗೆ ಸಿಟ್ರಿಕ್ ಆಸಿಡ್, ಜೊತೆಗೆ ಕೃತಕ ಬಣ್ಣ, ಪರಿಮಳ. ಅಪರೂಪಕ್ಕೆ ಕೊಡಿ, ದಿನಾ ಬೇಡ. ಸಕ್ಕರೆ ಹಾಕುವುದು ನೀವೇ ಆದ್ದರಿಂದ ಕೈ ಹಿಡಿದು ಹಾಕಿ.

ಹಣ್ಣಿನ ಶರಬತ್ತೇ ಬೇಕಿದ್ದರೆ ನಮ್ಮ ಕೊಡಗಿನ ಕಿತ್ತಳೆ ಇದೆಯಲ್ಲ. ಅದಕ್ಕೆ ಜಿಐ ಮಾನ್ಯತೆ, ಅಂದರೆ ಈ ನೆಲದ್ದೇ ವಿಶೇಷ ಬೆಳೆ ಎಂಬ ಸರ್ಕಾರಿ ಗುರುತು ಇದೆ. ರೋಗ ಬಂದು ಎಷ್ಟೋ ತೋಟ ಹಾಳಾದವು, ನಿಜ. ಆದರೂ ಕಾಫಿ ಗಿಡಗಳ ನಡುವೆ ಅಲ್ಲಲ್ಲಿ ಉಳಿದಿದೆ. ಸಂತೆಯಲ್ಲಿ ಸಿಕ್ಕಿದರೆ ಬಿಡಬೇಡಿ. ನಾಲ್ಕು ಹಣ್ಣು ಹಿಂಡಿ, ಚಿಟಿಕೆ ಉಪ್ಪು ಹಾಕಿ ಕೊಡಿ. ಮೊಮ್ಮಕ್ಕಳು ಏನಂದರು ಅಂತ ನಮಗೂ ಬರೆಯಿರಿ.

– ಸಂಪಾದಕ