ಒಬ್ಬನೇ ಸೈನಿಕ, ಎರಡು ಹೆಸರು

ನಿಮ್ಮ ಯಜಮಾನರ ಕ್ವಿಬೆಕ್ (ಕೆನಡಾ) ಮೂಲಪುರುಷ 1665ರಲ್ಲಿ ಫ್ರೆಂಚ್ ಸೈನ್ಯದ ಕಾರಿನ್ಯಾಂ-ಸಾಲಿಯೇರ್ ರೆಜಿಮೆಂಟಿನೊಂದಿಗೆ ಅಲ್ಲಿಗೆ ಬಂದವರು, ಆದರೆ ಮದುವೆ ದಾಖಲೆಯಲ್ಲಿ ಒಂದು ಹೆಸರು, ಮಗನ ದಾಖಲೆಯಲ್ಲಿ ಇನ್ನೊಂದು, ಇಬ್ಬರೂ ಒಬ್ಬರೇನಾ ಎಂದು ಕೇಳಿದ್ದೀರಿ. ಖಂಡಿತ ಆಗಿರಬಹುದು ಮೇಡಂ. ಆಗಿನ ಫ್ರೆಂಚ್ ಸಿಪಾಯಿಗೆ ಸೈನ್ಯದಲ್ಲೊಂದು ಅಡ್ಡಹೆಸರು ಅಂಟುತ್ತಿತ್ತು: ಲಾಫ್ಲರ್ ಎಂದರೆ ಹೂವು, ಸಾಂಸೂಸಿ ಎಂದರೆ ನಿಶ್ಚಿಂತ. ಎಷ್ಟು ಚಂದದ ಹೆಸರುಗಳು! ಮನೆಹೆಸರಿಗೂ ಅದಕ್ಕೂ ನಡುವೆ ‘ದಿ’ (dit, ಅಂದರೆ ‘ಎಂದು ಕರೆಯುವ’) ಎಂದು ಬರೆಯುತ್ತಿದ್ದರು. ಮುಂದೆ ಮಕ್ಕಳಲ್ಲಿ ಕೆಲವರು ಮನೆಹೆಸರು ಹಿಡಿದರು, ಕೆಲವರು ಅಡ್ಡಹೆಸರನ್ನೇ ಉಳಿಸಿಕೊಂಡರು.

1666ರ ಜನಗಣತಿಯಲ್ಲಿ ಅವರಿಲ್ಲವೆಂದು ಕಂಗೆಡಬೇಡಿ, ಅದರಲ್ಲಿ ರೆಜಿಮೆಂಟಿನ ಸೈನಿಕರನ್ನು ಎಣಿಸಿರಲಿಲ್ಲ. 1668ರಲ್ಲಿ ರೆಜಿಮೆಂಟು ಫ್ರಾನ್ಸಿಗೆ ಮರಳಿದಾಗ ಸುಮಾರು 400 ಮಂದಿ ಕ್ವಿಬೆಕ್‌ನಲ್ಲೇ ಉಳಿದರು. ಚರ್ಚಿನ ಪುಸ್ತಕದ ಜೊತೆಗೆ ನೋಟರಿ ಬರೆದ ಮದುವೆ ಕರಾರನ್ನೂ ಹುಡುಕಿ. ತಂದೆತಾಯಿಯ ಹೆಸರು, ಫ್ರಾನ್ಸಿನ ಊರು ಹೆಚ್ಚಾಗಿ ಅಲ್ಲೇ ಸಿಗುತ್ತವೆ.