ಹಿಮ ಕೆಟ್ಟಿದೆ ಅಂತ ಡೆಮೋ ಬಿಡಬೇಡಿ

ಅಕ್ಕ, ಶನಿವಾರ ಅಮೆರಿಕದ ಸಿಯೆರಾ ನೆವಾಡಾ ಪರ್ವತದ ಟಾಹೋದಲ್ಲಿ ಮೂರು ಆಲ್-ಮೌಂಟನ್ (ಎಲ್ಲ ಬಗೆಯ ಹಿಮಕ್ಕೂ ಆಗುವ) ಸ್ಕೀಗಳ ಡೆಮೋ ಇದೆ, ಅಂದರೆ ಕೊಳ್ಳುವ ಮೊದಲು ಹಾಕಿ ನೋಡುವುದು, ವಾರವೆಲ್ಲ ಬಿಸಿಲು ಬಿದ್ದು ಹಿಮ ಹಾಳಾಗಿದೆ, ಮುಂದೂಡಲಾ ಅಂತ ಕೇಳಿದ್ದೀರಿ. ಬೇಡ, ಹೋಗಿ. ಸ್ಕೀಯ ನಿಜ ಗುಣ ಗೊತ್ತಾಗುವುದೇ ಕೆಟ್ಟ ಹಿಮದಲ್ಲಿ. ಯಂತ್ರ ಓಡಿಸಿ ನುಣ್ಣಗೆ ಮಾಡಿದ ಇಳಿಜಾರಿನಲ್ಲಿ ಎಲ್ಲ ಸ್ಕೀಯೂ ಚೆನ್ನಾಗೇ ಇರುತ್ತದೆ. ನನ್ನ ಮೊದಲ ಜೋಡಿ ಕೊಂಡಿದ್ದೇ ಹಾಗೆ: ಬೆಳಗ್ಗೆ ಎರಡು ಸಲ ಇಳಿದೆ, ಖುಷಿಯಾಯಿತು, ಕಾರ್ಡ್ ಉಜ್ಜಿದೆ. ಮುಂದಿನ ವಾರ ಒದ್ದೆ ಹಿಮ ಬಿತ್ತು. ಪ್ರತಿ ತಿರುವಿನಲ್ಲೂ ಅದರ ಮೂತಿ ಹೂತುಕೊಳ್ಳುತ್ತಿತ್ತು, ಕೆಸರುಗದ್ದೆಯಲ್ಲಿ ಚಪ್ಪಲಿ ಸಿಕ್ಕಿಕೊಂಡ ಹಾಗೆ. ಇಲ್ಲಿನ ಹಿಮಕ್ಕೆ 'ಸಿಯೆರಾ ಸಿಮೆಂಟ್' ಅನ್ನುವ ಹೆಸರು ಸುಮ್ನೆ ಬಂದಿಲ್ಲ.

ಆದರೆ ಒಂದು ಎಚ್ಚರ. ಬಿಸಿಲ ದಿನದಲ್ಲಿ ಬೆಳಗ್ಗೆ 9ಕ್ಕೆ ಹಿಮ ಹೆಪ್ಪುಗಟ್ಟಿ ಗಾಜಿನ ಹಾಗಿರುತ್ತದೆ. 11ರ ಹೊತ್ತಿಗೆ ಮೇಲಿನ ಪದರ ಕರಗಿ ನೆನೆದ ಸಾಬಕ್ಕಿ ಹಾಗೆ ಆಗುತ್ತದೆ, ಅದೇ ಮಜಾ. 1 ದಾಟಿದರೆ ಮುದ್ದೆ ಹಿಟ್ಟು. ಬೆಳಗ್ಗೆ ಒಂದು ಸ್ಕೀ, ಮಧ್ಯಾಹ್ನ ಇನ್ನೊಂದು ಹಾಕಿದರೆ ನೀವು ಹೋಲಿಸುವುದು ಹಿಮವನ್ನು, ಸ್ಕೀಯನ್ನಲ್ಲ. ಒಂದೇ ಲಿಫ್ಟ್, ಒಂದೇ ರನ್ (ಇಳಿಯುವ ದಾರಿ) ಇಟ್ಟುಕೊಳ್ಳಿ. ಒಂದು ಸಲ ಇಳಿದು ತಕ್ಷಣ ಬದಲಿಸಿ. ಮೂರೂ ಮುಗಿದ ಮೇಲೆ ಮೊದಲನೆಯದನ್ನು ಮತ್ತೆ ಹಾಕಿ. ಇದನ್ನು ಯಾರೂ ಮಾಡುವುದಿಲ್ಲ, ಎಷ್ಟೋ ಸಲ ಅಭಿಪ್ರಾಯ ಬದಲಾಗುವುದು ಅಲ್ಲೇ.

ಗಟ್ಟಿ ಹಿಮದಲ್ಲಿ ಅಡ್ಡ ಜಾರಿ ಅಂಚು ಒತ್ತಿ: ಕಚ್ಚುತ್ತದೋ, ಟಕಟಕ ನಡುಗುತ್ತದೋ ನೋಡಿ. ರನ್ನಿನ ಪಕ್ಕದಲ್ಲಿ ಎಲ್ಲರೂ ತುಳಿದು ಗುಡ್ಡೆಯಾದ ಒದ್ದೆ ಹಿಮ ಇರುತ್ತದಲ್ಲ, ಅದರೊಳಗೂ ನಾಲ್ಕು ತಿರುವು ಹಾಕಿ. ಮೂತಿ ಗುಡ್ಡೆಗೆ ತಾಗಿ ಪಕ್ಕಕ್ಕೆ ಹಾರಿದರೆ ಆ ಸ್ಕೀ ನಿಮಗೆ ಹಗುರ. ಬಾಲ, ಅಂದರೆ ಹಿಂದಿನ ತುದಿ, ಬಿಟ್ಟುಕೊಡದೆ ಹಿಡಿದುಕೊಂಡರೆ ಜಾಸ್ತಿ ಗಟ್ಟಿ.

ನಿಮ್ಮ ಪಟ್ಟಿಯಲ್ಲಿರುವ ಬ್ಲ್ಯಾಕ್ ಪರ್ಲ್ 88 ಬ್ಲಿಜಾರ್ಡ್ ಕಂಪನಿಯವರು ಹಿಂದೆ ಮಾಡುತ್ತಿದ್ದ ಬ್ರಹ್ಮ ಸ್ಕೀಯ ತಂಗಿ, ಅಂದರೆ ಹೆಂಗಸರ ಮಾದರಿ (ಹೌದು, ಅವರು ಇಟ್ಟ ಹೆಸರೇ ಅದು, ನಾನೂ ನಕ್ಕಿದ್ದೆ). 88 ಅಂದರೆ ನಡುವಿನ ಅಗಲ, ಮಿಲಿಮೀಟರಿನಲ್ಲಿ. ಪಟ್ಟಿಯ ಎರಡನೆಯದು, ಸಾಂಟಾ ಅನಾ 93, ಇನ್ನೂ ಅಗಲ, ಒಳಗೆ ಲೋಹದ ಹಾಳೆ ಇದೆ. ಲೋಹ ಇದ್ದರೆ ನಡುಕ ಕಮ್ಮಿ, ತೂಕ ಜಾಸ್ತಿ. 100ರ ಹತ್ತಿರದ ಮೂರನೆಯದನ್ನು ನಾನಾದರೆ ಬಿಡುತ್ತೇನೆ. ಮೆತ್ತಗಿದ್ದಾಗ ಚೆನ್ನ, ಬೆಳಗಿನ ಗಾಜಿನ ಮೇಲೆ ಮೊಣಕಾಲಿಗೆ ಕೆಲಸ.

ಸ್ಕೀ ಕೈಗೆ ಕೊಟ್ಟ ತಕ್ಷಣ ಹೆಬ್ಬೆರಳಿನ ಉಗುರನ್ನು ಅಂಚಿಗೆ ಅಡ್ಡ ಎಳೆಯಿರಿ. ಬಿಳಿ ಪುಡಿ ಎದ್ದರೆ ಅಂಚು ಚೂಪಾಗಿದೆ. ಜಾರಿದರೆ ಹರಿತ ಮಾಡಿಕೊಡಿ ಅನ್ನಿ. ನಾನೊಮ್ಮೆ ಮೊಂಡು ಅಂಚಿನ ಸ್ಕೀಯನ್ನು ಇಡೀ ಬೆಳಗ್ಗೆ ಬೈದಿದ್ದೇನೆ, ಪಾಪ ಅದರ ತಪ್ಪೇನೂ ಇರಲಿಲ್ಲ. ತಳಕ್ಕೆ ಬೆಚ್ಚಗಿನ ಹಿಮದ ವ್ಯಾಕ್ಸ್ (ಮೇಣ) ಹಾಕಿದ್ದಾರಾ ಅಂತಲೂ ಕೇಳಿ, ಇಲ್ಲದಿದ್ದರೆ ಒದ್ದೆ ಹಿಮ ಹಿಡಿದೆಳೆಯುತ್ತದೆ. ಡೆಮೋ ಸ್ಕೀಯ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಹಳಿಯ ಮೇಲೆ ಜರುಗುತ್ತದೆ. ತಿರುಗಿಸುವುದು ಕಷ್ಟ ಅನ್ನಿಸಿದರೆ 1 ಸೆಂ.ಮೀ. ಮುಂದಕ್ಕೆ ಹಾಕಿಸಿ ನೋಡಿ. ಅದನ್ನು ಅಂಗಡಿಯವರೇ ಮಾಡಲಿ, ನಾವು ಕೈ ಹಾಕುವುದು ಬೇಡ.

ಬೂಟು ನಿಮ್ಮದೇ ಒಯ್ಯಿರಿ. ಬಾಡಿಗೆ ಬೂಟಿನಲ್ಲಿ ಯಾವ ಸ್ಕೀಯೂ ಗೊತ್ತಾಗುವುದಿಲ್ಲ. ತೊಡೆ ಉರಿಯಲು ಶುರುವಾದರೆ ನಿಲ್ಲಿಸಿಬಿಡಿ, ಆ ಒದ್ದೆ ಹಿಮದಲ್ಲಿ ಮೊಣಕಾಲು ತಿರುಚಿಕೊಳ್ಳುವುದು ಸುಲಭ. ಉದ್ದ ಎಷ್ಟು ತಗೊಳ್ತಿದ್ದೀರಿ ಅಂತ ಬರೆದಿಲ್ಲ ಅಲ್ವಾ? ನಿಮ್ಮ ಎತ್ತರದ ಜೊತೆ ಹಾಕಿ, ನೋಡಿ ಹೇಳುತ್ತೇನೆ.