ಚರ್ಮದ ಡಾಕ್ಟರು ಮನೋವೈದ್ಯರನ್ನೂ ನೋಡಿ ಅಂದರು, ಹೋಗಲೇ?

ಪ್ರಶ್ನೆ: ನನಗೆ 38 ವರ್ಷ, ಹೈಸ್ಕೂಲ್ ಟೀಚರ್. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಕತ್ತಿನ ಹಿಂಭಾಗದಲ್ಲಿ, ಎಡಗಾಲಿನ ಹರಡಿನ ಹತ್ತಿರ ತುರಿಕೆ ಶುರುವಾಯಿತು. ಈಗ ಅಲ್ಲಿ ಚರ್ಮ ಕಪ್ಪಾಗಿ ದಪ್ಪವಾಗಿದೆ; ಎರಡೂ ಸೇರಿದರೆ ಒಂದು ಅಂಗೈಯಷ್ಟು. ಮೆಡಿಕಲ್ ಶಾಪಿನವರು ಕೊಟ್ಟ 15 ಗ್ರಾಂ ಮುಲಾಮು ಹತ್ತು ದಿನಕ್ಕೆ ಖಾಲಿ, ಬಿಟ್ಟರೆ ಮತ್ತೆ ಅದೇ. ಅತ್ತೆ ನನ್ನ ಟವೆಲ್ಲು ಬೇರೆ ಒಣಹಾಕಿಸುತ್ತಾರೆ. ಕೊನೆಗೆ ಚರ್ಮದ ಡಾಕ್ಟರು "ಮನೋವೈದ್ಯರನ್ನೂ ನೋಡಿ" ಅಂದರು. ನನಗೇನು ಹುಚ್ಚೇ?
– ಹೆಸರು ಬೇಡ, ಹಾವೇರಿ

ಉತ್ತರ: ಖಂಡಿತ ಹೋಗಿ. ಹುಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಡಾಕ್ಟರು ‘ಮನೋವೈದ್ಯರನ್ನು’ ಅನ್ನಲಿಲ್ಲ, ‘ಮನೋವೈದ್ಯರನ್ನೂ’ ಅಂದರು. ಚರ್ಮದ ಚಿಕಿತ್ಸೆ ನಡೆಯಲಿ, ಜೊತೆಗೆ ಇನ್ನೊಂದು ಕೈ ಬೇಕು ಅಂತ ಅದರ ಅರ್ಥ.

ನೀವು ಬರೆದ ಲಕ್ಷಣ ಲೈಕೆನ್ ಸಿಂಪ್ಲೆಕ್ಸ್ ಕ್ರಾನಿಕಸ್‌ಗೆ ಹೊಂದುತ್ತದೆ. ಇದು ಇಸುಬಿನ ಒಂದು ಬಗೆ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತುರಿಸಿದಷ್ಟೂ ಚರ್ಮ ದಪ್ಪವಾಗುತ್ತದೆ, ದಪ್ಪವಾದಷ್ಟೂ ತುರಿಕೆ ಏಳುತ್ತದೆ. ದುಃಖ, ಆತಂಕ, ನಿದ್ದೆಗೇಡು ಇದ್ದಾಗ ಮಿದುಳಿಗೆ ಅದೇ ತುರಿಕೆ ಇಮ್ಮಡಿಯಾಗಿ ಮುಟ್ಟುತ್ತದೆ. ಹಗಲು ಪಾಠದ ಗದ್ದಲದಲ್ಲಿ ಮರೆತದ್ದು ರಾತ್ರಿ ದೀಪ ಆರಿಸಿದ ಕೂಡಲೇ ಕಾಡುವುದು ಇದಕ್ಕೇ. ಹೊದಿಕೆಯ ಬಿಸಿಯೂ ಸೇರುತ್ತದೆ. "ಯೋಚನೆ ಬಿಡು, ಹೋಗುತ್ತೆ" ಅನ್ನುವವರ ಮಾತು ಹಾಗಾಗಿ ತಪ್ಪು. ಬರೀ ಮುಲಾಮೇ ಸಾಕು ಅನ್ನುವುದೂ ತಪ್ಪು.

ನನಗೆ ನಿಜವಾಗಿ ಗಾಬರಿ ತಂದದ್ದು ಆ ಟ್ಯೂಬು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈ ಅಗಲಕ್ಕೆ ಅದು ಸಾಕು. ನಿಮಗೆ ಬೇಕಾದ್ದು ಕಾಲು ಗ್ರಾಂ. ದಿನಕ್ಕೊಮ್ಮೆ ಹಚ್ಚಿದರೆ 15 ಗ್ರಾಂ ಎರಡು ತಿಂಗಳು ಬರಬೇಕು. ನೀವು ಅದರ ಆರು ಪಟ್ಟು ಹಚ್ಚುತ್ತಿದ್ದೀರಿ! ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್ ಅಥವಾ ಬೀಟಾಮೆಥಾಸೋನ್ ಅಂತಿದ್ದರೆ ಅದು ಸ್ಟೀರಾಯ್ಡ್. ಡಾಕ್ಟರು ಹೇಳಿದಷ್ಟು ವಾರ ಮಾತ್ರ ಹಚ್ಚಿದರೆ ಒಳ್ಳೆಯ ಮದ್ದು. ತಿಂಗಳುಗಟ್ಟಲೆ ಹಚ್ಚಿದರೆ ಸುತ್ತಲಿನ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತವೆ. ಅದು ಹುಳುಕಡ್ಡಿಯಾಗಿದ್ದರಂತೂ ಸ್ಟೀರಾಯ್ಡ್ ಅದನ್ನು ಮುಚ್ಚಿಟ್ಟು ಹರಡಿಸುತ್ತದೆ. ಟ್ಯೂಬನ್ನೇ ಒಯ್ದು ತೋರಿಸಿ, ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುವ ಕೆಓಎಚ್ ಪರೀಕ್ಷೆ ಬೇಕೇ ಕೇಳಿ. ಕತ್ತಿನ ತುರಿಕೆಗೆ ಹೇರ್ ಡೈ, ಗಿಲೀಟು ಸರದ ಕೊಂಡಿಯೂ ಕಾರಣವಿರಬಹುದು. ಬಳಸುತ್ತಿದ್ದರೆ ಅದನ್ನೂ ಹೇಳಿ.

ಮನೆಯಲ್ಲಿ ಮಾಡಬೇಕಾದ್ದು ಕೈಗೆ ಕಲಿಸುವ ಕೆಲಸ. ಮೊದಲ ವಾರ ತುರಿಸಿಕೊಂಡಾಗಲೆಲ್ಲ ಚೀಟಿಯಲ್ಲಿ ಒಂದು ಗೆರೆ ಎಳೆಯಿರಿ, ತಡೆಯುವುದು ಬೇಡ. ಕರೆಕ್ಷನ್ ಮಾಡುವಾಗಲೋ, ಟಿವಿ ಮುಂದೋ, ಹಾಸಿಗೆಯಲ್ಲೋ ಎಂಬುದು ಗೊತ್ತಾಗುತ್ತದೆ. ಎರಡನೇ ವಾರದಿಂದ ಕೈ ಅತ್ತ ಹೊರಟ ಕ್ಷಣ ಎರಡೂ ಮುಷ್ಟಿ ಬಿಗಿಹಿಡಿದು ಮೂವತ್ತು ಎಣಿಸಿ. ಆಮೇಲೂ ತುರಿಕೆ ಇದ್ದರೆ ಅಲ್ಲಿ ಉಗುರನ್ನು ಒತ್ತಿ ಹಿಡಿಯಿರಿ, ಎಳೆಯಬೇಡಿ. ಮಡಕೆ ನೀರಿನಲ್ಲಿ ಅದ್ದಿದ ಬಟ್ಟೆ ಹತ್ತು ನಿಮಿಷ ಇಟ್ಟರೂ ಆದೀತು. ಸ್ನಾನವಾಗಿ ಮೈ ಒರೆಸಿದ ಕೂಡಲೇ, ಚರ್ಮ ಇನ್ನೂ ಹಸಿ ಇರುವಾಗಲೇ ವ್ಯಾಸಲಿನ್ ಹಚ್ಚಿ. ರಾತ್ರಿ ಕಾಲಿಗೆ ಹತ್ತಿ ಕಾಲುಚೀಲ ಹಾಕಿ, ಉಗುರು ಗಿಡ್ಡವಿರಲಿ. ತಪ್ಪಿ ತುರಿಸಿಕೊಂಡ ದಿನ ನಿಮ್ಮನ್ನು ಬೈದುಕೊಳ್ಳಬೇಡಿ. ಆ ಬೇಗುದಿಯೇ ಮರುದಿನದ ತುರಿಕೆಗೆ ದಾರಿ. ಚರ್ಮ ಮೆತ್ತಗಾಗಲು ವಾರಗಳು ಬೇಕು, ಕಪ್ಪು ಕರಗಲು ತಿಂಗಳುಗಳೇ.

ಮನೋವೈದ್ಯರು ಮಾತ್ರೆ ಬರೆದರೆ ಹೆದರಬೇಡಿ. ಖಿನ್ನತೆಗೆ ಕೊಡುವ ಡಾಕ್ಸೆಪಿನ್ ಥರದ ಮಾತ್ರೆಗೆ ತುರಿಕೆ ತಗ್ಗಿಸುವ ಗುಣವೂ ಇದೆ. ಆದರೆ ತೂಕಡಿಕೆ ತರುತ್ತದೆ, ಸ್ಕೂಟರ್ ಓಡಿಸುತ್ತಿದ್ದರೆ ಮೊದಲೇ ತಿಳಿಸಿ. ಅಲ್ಲಿಯವರೆಗೆ ಮಾತಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ-ಮಾನಸ್, ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನಿಸಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಟವೆಲ್ಲಿನ ಮಾತು ನೀವು ಹೇಳುವುದಕ್ಕಿಂತ ಡಾಕ್ಟರ ಬಾಯಲ್ಲಿ ಬಂದರೆ ಅವರಿಗೂ ನಂಬಿಕೆ. ಮನೋವೈದ್ಯರ ಮುಂದೆ ಮಾತ್ರ ತುರಿಕೆಯಿಂದ ಶುರು ಮಾಡಬೇಡಿ, ಅಪ್ಪನಿಂದ ಶುರು ಮಾಡಿ.